ಒಂಬತ್ತಕ್ಕೂ ಆರಕ್ಕೂ ಏನು ವ್ಯತ್ಯಾಸ?

ನಾನು ಗಣಿತ ಬಲ್ಲವನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮಕ್ಕಳ ಗಣಿತದ ಭಾಷೆಯನ್ನು ಕುರಿತು ನನ್ನಂಥವನು ಮಾತನಾಡುವುದು ಅಧಿಕಪ್ರಸಂಗವೆಂದು ಕೇಳುಗರಿಗೆ ತೋರಿದರೆ ತಪ್ಪಿಲ್ಲ. ಇದಕ್ಕೆ ಕಾರಣಳಾದವಳು ಮೂರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು.

ಒಂದು ಸಂಜೆ ಅವಳಿಗೆ ಲೆಕ್ಕ ಹೇಳಿಕೊಡಲು ಕುಳಿತು, "9ಕ್ಕೂ 6ಕ್ಕೂ ಏನು ವ್ಯತ್ಯಾಸ, ಹೇಳಮ್ಮ" ಎಂದೆ. ಮಗು ಎರಡನ್ನೂ ಪುಸ್ತಕದಲ್ಲಿ ಬರೆದು, ಬಹಳ ಹೊತ್ತು ದಿಟ್ಟಿಸಿ, "ಒಂದು ತಲೆಕೆಳಗಾಗಿದೆ ತಾತ" ಎಂದಳು. ನಾನು ನಕ್ಕುಬಿಟ್ಟೆ. ಅಷ್ಟು ಸಾಲದೆಂಬಂತೆ ಒಳಗಿದ್ದವರನ್ನೂ ಕರೆದು ಹೇಳಿ ನಗಿಸಿದೆ. ಆಮೇಲೆ ಒಂದು ವಾರ ನಾನು ಕೇಳಿದ ಯಾವ ಲೆಕ್ಕಕ್ಕೂ ಅವಳು ಬಾಯಿ ಬಿಡಲಿಲ್ಲ.

ಆ ಮೌನ ನನ್ನನ್ನು ಚುಚ್ಚಿತು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಎರಡು ಸೀರೆಗಳಿಗೆ ಏನು ವ್ಯತ್ಯಾಸವೆಂದು ಕೇಳಿದರೆ ನಾವು ಬಣ್ಣ, ಅಂಚುಗಳನ್ನು ಹೇಳುತ್ತೇವೆಯೇ ಹೊರತು ಒಂದರಿಂದ ಇನ್ನೊಂದನ್ನು ಕಳೆಯುವುದಿಲ್ಲ. ತ್ರಿಭುಜ, ಗುಣಲಬ್ಧ ಮೊದಲಾದ ಶಬ್ದಗಳು ಮಗುವಿಗೆ ಅಷ್ಟು ತೊಡಕಲ್ಲ. ಅವು ಹೊಸವೆಂದು ಅದಕ್ಕೆ ಗೊತ್ತು. ಮೋಸ ಮಾಡುವುವು ಮನೆಯ ಮಾತುಗಳೇ. ಅರೆಬೆಂದ ಅನ್ನ, ಅರೆಗಣ್ಣು, ಅರೆಮನಸ್ಸು—ಇವುಗಳನ್ನು ಯಾರು ಅಳೆದು ಸಮನಾಗಿ ಎರಡು ಮಾಡಿದ್ದಾರೆ? ಹೋಳಿಗೆ ಮುರಿದಾಗ "ದೊಡ್ಡ ಅರ್ಧ ನನಗೆ" ಎನ್ನುವ ಮಗು ನಮ್ಮ ಮಾತನ್ನೇ ಆಡುತ್ತಿದೆ.

ಒಂದು ಮಾತು ಹಲವು ಅರ್ಥಗಳನ್ನು ಸೂಸುವುದನ್ನೇ ನಾನು ವೃತ್ತಿಯುದ್ದಕ್ಕೂ ಕೊಂಡಾಡಿದೆ. 9ನೆಯ ಶತಮಾನದ ಆನಂದವರ್ಧನನ ಧ್ವನಿತತ್ತ್ವವನ್ನು ವರ್ಷವರ್ಷವೂ ಪಾಠ ಹೇಳಿದೆ. ಅದೇ ಶತಮಾನದಲ್ಲಿ, 'ಕವಿರಾಜಮಾರ್ಗ' ಹುಟ್ಟಿದ ನೃಪತುಂಗನ ಕಾಲದಲ್ಲಿಯೇ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದರ ಮೊದಲ ಅಧ್ಯಾಯ ಸಂಜ್ಞಾಧಿಕಾರ. ಅಳತೆಗಳ ಹೆಸರು, ಕ್ರಿಯೆಗಳ ಹೆಸರು ಮೊದಲು ಗೊತ್ತಾಗಬೇಕು, ಲೆಕ್ಕ ಆಮೇಲೆ. ಈ ಸಂಗತಿಯನ್ನು ಬಲ್ಲ ನಾನೇ ಒಂದು ಶಬ್ದದ ಎರಡು ಅರ್ಥಗಳನ್ನು ಬಿಡಿಸಿ ಹೇಳದೆ ಮಗುವನ್ನು ನೋಡಿ ನಕ್ಕಿದ್ದೆ.

ಹಾಗೆಂದು ವ್ಯಾಖ್ಯೆಗಳನ್ನು ಉರು ಹೊಡೆಸಿದರೆ ಆಯಿತೆ? ನಾಲ್ಕು ಬಾಹುಗಳೂ ನಾಲ್ಕು ಕೋನಗಳೂ ಸಮನಾಗಿದ್ದರೆ ಚೌಕವೆಂದು ನಮ್ಮವಳು ತಡೆಯದೆ ಹೇಳುತ್ತಿದ್ದಳು. ಚೌಕಾಕಾರದ ಕಾಗದವನ್ನು ಮೂಲೆಯ ಮೇಲೆ ನಿಲ್ಲಿಸಿದೊಡನೆ "ಇದು ವಜ್ರ" ಎಂದಳು. ಈ ಬಾರಿ ನಾನು ನಗಲಿಲ್ಲ. ಕಾಗದವನ್ನು ಅವಳ ಕೈಗೇ ಕೊಟ್ಟೆ. ಅವಳು ಅದನ್ನು ತಿರುಗಿಸಿದಳು, ಮಡಿಸಿದಳು, ಬಾಹುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. "ಓರೆಯಾಗಿ ನಿಂತರೂ ಚೌಕವೇ" ಎಂಬ ಮಾತು ಅವಳ ಬಾಯಿಂದಲೇ ಬಂತು.

ದೊಡ್ಡವರ ಮಾತೂ ಶುದ್ಧವಾಗಿರಬೇಕಾದೀತು. ಹತ್ತರಿಂದ ಗುಣಿಸಲು ಒಂದು ಸೊನ್ನೆ ಸೇರಿಸು ಎನ್ನುತ್ತೇವೆ. ಸೇರಿಸುವುದೆಂದರೆ ಕೂಡುವುದು, ಸೊನ್ನೆಯನ್ನು ಕೂಡಿದರೆ ಸಂಖ್ಯೆ ಬದಲಾಗುವುದೇ ಇಲ್ಲ. ಮುಂದೆ ದಶಮಾಂಶ ಕಲಿಯುವಾಗ ಅದೇ ಮಗು 2.5ನ್ನು ಹತ್ತರಿಂದ ಗುಣಿಸಿ 2.50 ಎಂದು ಬರೆದು ಬೈಸಿಕೊಳ್ಳುತ್ತದೆ. ಪ್ರತಿ ಅಂಕಿಯೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ ಎಂದಿದ್ದರೆ ಮಾತು ತುಸು ಉದ್ದವಾಗುತ್ತಿತ್ತು, ಅಷ್ಟೆ.

ಮೊನ್ನೆ ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಒಂದರಿಂದ ಹತ್ತರವರೆಗೆ ಗುರುತು ಹಾಕಿದೆ. 6ರ ಮೇಲೆ ನಿಂತು 9ಕ್ಕೆ ಹೋಗು ಎಂದೆ. ಕುಪ್ಪಳಿಸಿ ಹೋಗಿ, "ಮೂರು ಹೆಜ್ಜೆ" ಎಂದಳು.

"ಆ ಮೂರನ್ನೇ ಗಣಿತದಲ್ಲಿ ವ್ಯತ್ಯಾಸ ಅನ್ನುತ್ತಾರೆ ಪುಟ್ಟಿ."

"ಮತ್ತೆ ನಾನು ಅವತ್ತು ಹೇಳಿದ್ದು?"

"ಅದೂ ವ್ಯತ್ಯಾಸವೇ. ಅದು ಬರೆಯುವ ಅಂಕಿಗಳದ್ದು, ಇದು ಸಂಖ್ಯೆಗಳದ್ದು. ಅವತ್ತು ನಾನು ಯಾವುದೆಂದು ಹೇಳದೆ ಕೇಳಿದೆ, ತಪ್ಪು ನನ್ನದು."

ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ 9ಕ್ಕೂ 9ಕ್ಕೂ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಎರಡು ಕಾಲನ್ನೂ ಜೋಡಿಸಿ ಆ ಗುರುತಿನ ಮೇಲೆ ಅಲುಗಾಡದೆ ನಿಂತಳು.