ಕೌದಿಯ ಕೆಳಗೆ ಯಾರ ಹೆಸರು?



ಕಪ್ಪು ಜನರ ಬದುಕಿಗೆ ಮನ್ನಣೆ ಕೊಡುವ ವಸ್ತುಸಂಗ್ರಹಾಲಯ ಅಂದಕೂಡಲೇ ನಮಗೆ 2016ರಲ್ಲಿ ವಾಷಿಂಗ್ಟನ್ನಿನಲ್ಲಿ ಬಾಗಿಲು ತೆರೆದ ಭವ್ಯ ಕಟ್ಟಡ ನೆನಪಾಗುತ್ತದೆ. ಅಷ್ಟು ದೂರ ಯಾಕೆ? ಕಲಘಟಗಿ ದಾಟಿ ಯಲ್ಲಾಪುರದ ಹಾದಿ ಹಿಡಿದರೆ ಸಿದ್ದಿಗಳ ಊರುಗಳೇ ಸಿಗುತ್ತವೆ. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರಿಗೆ ಘಟ್ಟದ ಕಾಡು ಆಸರೆಯಾಯಿತು. ಕನ್ನಡದಲ್ಲೇ ಮಾತಾಡುವ ಸಿದ್ದಿ ಹುಡುಗನಿಗೆ ನಮ್ಮ ಬಸ್ ನಿಲ್ದಾಣದಲ್ಲಿ 'ಯಾವ ದೇಶ ತಮ್ಮಾ?' ಅನ್ನುವವರು ಇವತ್ತಿಗೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ನಮ್ಮ ಧಾರವಾಡ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು.

ಹಿಂದೆ ವಿಜಾಪುರದ ಚಿತ್ರಕಾರರು ಆಫ್ರಿಕಾದಿಂದ ಬಂದವರನ್ನು ಬೇರೆ ಕಣ್ಣಿನಿಂದ ಕಂಡಿದ್ದರು. ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಜೊತೆ ಆನೆಯೇರಿ ಕುಳಿತ ಹಬ್ಶಿ, ಅಂದರೆ ಆಫ್ರಿಕಾ ಮೂಲದ, ಮುತ್ಸದ್ದಿ ಇಖ್ಲಾಸ್ ಖಾನನ ಚಿತ್ರ ಸುಮಾರು 1645ರದು. ಅದನ್ನು ಬರೆದ ಹೈದರ್ ಅಲಿ, ಇಬ್ರಾಹಿಂ ಖಾನರ ಹೆಸರೂ ನಮಗೆ ಗೊತ್ತು. ಆದರೆ ಆ ಚಿತ್ರ ನೋಡಲು ವಿದೇಶಕ್ಕೆ ಹೋಗಬೇಕು.

ಈಗ ಕೌದಿಯ ಮಾತು. ಅದನ್ನು ಹೊದ್ದು ಬೆಳೆದ ನಮಗೆ ಕೌದಿಯೇನೂ ಹೊಸದಲ್ಲ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಹಚ್ಚುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನದ 'ಫೂಲ' ಕೂರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಕೆಲವು ಕೌದಿಗಳಲ್ಲಿ ಶಿಲುಬೆ, ಕೆಲವುಗಳಲ್ಲಿ ಅರ್ಧಚಂದ್ರ, ಏಕೆಂದರೆ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಇವೇ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರದ ಗೋಡೆ ಏರಿದವು. ಕಪ್ಪು ಜನರ ಚರಿತ್ರೆಗೆಂದೇ ಇರುವ ಗ್ರಂಥಭಂಡಾರವದು. ಹಳಿಯಾಳದ ಸಿದ್ದಿ ಹೆಂಗಸರ ಕೌದಿ ಅಲ್ಲಿಗೆ ಮುಟ್ಟಿತು, ಆದರೆ ಧಾರವಾಡದ ಗ್ಯಾಲರಿಗಳಿಗೆ ಅದು ಇನ್ನೂ 'ಕರಕುಶಲ'ವೇ.

ನಾವು ಸಿದ್ದಿಗಳನ್ನು ಕರೆಯುವುದು ಬಹುತೇಕ ಡಮಾಮಿ ಬಾರಿಸಲು, ಮೆರವಣಿಗೆಯ ಮುಂದೆ ಕುಣಿಯಲು. (ಊಟದ ಸಾಲಿನಲ್ಲಿ ಅವರನ್ನು ಎಲ್ಲಿ ಕೂರಿಸುತ್ತೇವೆ ಎಂದು ಕೇಳಲು ಹೋಗುವುದಿಲ್ಲ.) ಮಂಚಿಕೇರಿಯಲ್ಲಿ ಬೇರೆಯದೊಂದು ನಡೆದಿತ್ತು. ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಗಳೇ 'ಕಪ್ಪು ಜನ ಕೆಂಪು ನೆರಳು' ನಾಟಕ ಆಡಿದರು. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ ಅವರ ಬಾಯಲ್ಲಿ ಕನ್ನಡವಾಯಿತು. ಅಲ್ಲಿ ಅವರು ನೋಟದ ವಸ್ತುಗಳಾಗಿರಲಿಲ್ಲ, ಕಥೆ ಹೇಳುವವರಾಗಿದ್ದರು.

ಆದ್ದರಿಂದ ಈ ವಿಚಾರಸಂಕಿರಣದ ಮುಂದೆ ನನ್ನದು ಹಟದ ಬೇಡಿಕೆ. ಪ್ರದರ್ಶನಕ್ಕಿಟ್ಟ ಕೌದಿಯ ಕೆಳಗಿನ ಚೀಟಿಯಲ್ಲಿ 'ಸಿದ್ದಿ ಬುಡಕಟ್ಟು' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಹೊಲಿದವಳ ಹೆಸರು, ಊರು ಬರೆಯಿರಿ. ಯಾವ ಕೌದಿ ಇಡಬೇಕು, ಯಾವುದು ಮನೆಯಲ್ಲೇ ಉಳಿಯಬೇಕು ಎಂಬುದನ್ನು ಆಕೆಯೇ ಹೇಳಲಿ. ಮಾರಾಟವಾದರೆ ಹಣ ಆಕೆಗೆ ಹೇಗೆ ಮುಟ್ಟುತ್ತದೆ? ಇಂದಿನ ಗೋಷ್ಠಿಗಳು ಈ ಲೆಕ್ಕದಿಂದಲೇ ಶುರುವಾಗಲಿ. ಗಾಜಿನ ಪೆಟ್ಟಿಗೆಯ ಅಳತೆ ಆಮೇಲೆ ನೋಡೋಣ.