ಕಾಣದ ಓಟದ ಅಭಿಮಾನಿ

ಎತ್ತಿನ ಗಾಡಿಯ ಓಟವಾಗಲಿ, ಕುದುರೆಯ ಓಟವಾಗಲಿ, ಎಲ್ಲರೂ ಒಂದು ಗೆರೆಯಿಂದ ಒಟ್ಟಿಗೆ ಹೊರಡಬೇಕು, ಒಬ್ಬನು ನಮ್ಮ ಕಣ್ಣೆದುರಿಗೇ ಮುಂದಾಗಬೇಕು ಎಂಬುದು ನಮ್ಮೆಲ್ಲರ ಭಾವನೆ. ನಾನು ಈಗ ಹೇಳಹೊರಟಿರುವ ಓಟದ ರೀತಿಯೇ ಬೇರೆ. ಇಲ್ಲಿ ಕಾರುಗಳು ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಎದುರಾಳಿಗೆ ಎದುರಾಳಿ ಕಾಣಿಸುವುದಿಲ್ಲ. ಗೆದ್ದವರು ಯಾರೆಂದು ಹೇಳುವುದು ಗಡಿಯಾರ, ಅದೂ ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಎಣಿಸುವ ಗಡಿಯಾರ. ಇದೇ ಮೋಟಾರು ರ‍್ಯಾಲಿ. 1973ರಲ್ಲಿ ಆರಂಭವಾದ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಜನವರಿಯಲ್ಲಿ ಮಾಂಟೆ ಕಾರ್ಲೊದ ಬೆಟ್ಟಗಳಲ್ಲಿ ತೊಡಗಿ, ಸ್ವೀಡನ್ನಿನ ಹಿಮ, ಕೀನ್ಯಾದ ಧೂಳು, ಫಿನ್‌ಲೆಂಡಿನ ಕಾಡುದಾರಿ ಎಂದು ದೇಶದೇಶ ಸುತ್ತಿ ವರ್ಷದ ಕೊನೆಗೆ ಮುಗಿಯುತ್ತದೆ.

ಹಳಗನ್ನಡ ಪಾಠ ಹೇಳುವ ಮೇಷ್ಟರಿಗೂ ಮೋಟಾರಿಗೂ ಎತ್ತಣ ಸಂಬಂಧವೆಂದು ನೀವು ಕೇಳಬಹುದು. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲೆ ಮುಚ್ಚಿತ್ತು. ನನ್ನ ಅಕ್ಕನ ಮಗ, ವರ್ಕ್‌ಷಾಪಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ, ನಮ್ಮ ಮನೆಯಲ್ಲೇ ಉಳಿದಿದ್ದ. ಅವನ ಮೊಬೈಲಿನ ಪುಟ್ಟ ಪರದೆಯಲ್ಲಿ ಕಾರೊಂದು ಕಾಡಿನ ನಡುವೆ ಹಾರುತ್ತಿತ್ತು. ಇದೇನು ಹುಚ್ಚೆಂದು ಗದರಲು ಹೋದವನು ಒಂದು ದನಿ ಕೇಳಿ ನಿಂತುಬಿಟ್ಟೆ. ಕಾರಿನೊಳಗೆ ಯಾರೋ ಏರಿಳಿತವಿಲ್ಲದೆ, ಎಡೆಬಿಡದೆ, ಏನನ್ನೋ ಓದುತ್ತಿದ್ದರು.

“ಮಾವ, ಅವರು ಜೊತೆಚಾಲಕರು. ದಾರಿಯನ್ನು ಓದಿ ಹೇಳುತ್ತಾರೆ” ಎಂದ ಹುಡುಗ.

ದಾರಿಯನ್ನು ಓದುವುದು! ಆ ಮಾತೇ ನನ್ನನ್ನು ಹಿಡಿದು ಕೂರಿಸಿತು. ಸ್ಪರ್ಧೆಗೆ ಮುಂಚೆ ಚಾಲಕನೂ ಜೊತೆಚಾಲಕನೂ ಅದೇ ದಾರಿಯಲ್ಲಿ ಮಿತವೇಗದಿಂದ ಎರಡು ಸಾರಿ ಹೋಗಿಬರುತ್ತಾರೆ. ಒಬ್ಬರು ಪ್ರತಿಯೊಂದು ತಿರುವನ್ನೂ ಅಳೆದು ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಓಟದ ದಿನ ಆ ಪುಸ್ತಕದ ವಾಚನ: “ಎಡ ಆರು, ನೂರು, ಬಲ ಮೂರು, ಒಳಗೆ ಕತ್ತರಿಸಬೇಡ.” ಅಂದರೆ, ಎಡಕ್ಕೆ ಬಳುಕಿದ ಸುಲಭ ತಿರುವು, ನೂರು ಮೀಟರ್ ನೇರ ದಾರಿ, ಆಮೇಲೆ ಬಲಕ್ಕೆ ಬಿಗಿಯಾದ ತಿರುವು, ಅದರ ಒಳಮಗ್ಗುಲಲ್ಲಿ ಕಲ್ಲೋ ಹಳ್ಳವೋ ಉಂಟು. ಅಕ್ಷರ ಕಡಿಮೆ, ಸಂದೇಹಕ್ಕೆ ಎಡೆಯಿಲ್ಲ. ಸೂತ್ರವೆಂದರೆ ಇದೇ ತಾನೆ? ನಮ್ಮ ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಮತ್ತೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಇಲ್ಲಿಯೂ ಹಾಗೆಯೇ, ವ್ಯಾಖ್ಯಾನ ನಡೆಯುವುದು ಮಾತ್ರ ಬಾಯಿಂದಲ್ಲ, ಚಕ್ರದಿಂದ. ವಾಚನದಲ್ಲಿ ಒಂದು ಸಾಲು ತಪ್ಪಿದರೆ ನಮ್ಮಲ್ಲಿ ಸಭೆ ನಕ್ಕೀತು. ಅಲ್ಲಿ ಪ್ರಾಣಕ್ಕೇ ಬಂದೀತು.

ನಾನೊಂದು ನೋಟ್ ಪುಸ್ತಕ ತೆಗೆದು ಗೆರೆ ಹಾಕಿ ಅಂಕಗಳನ್ನು ಬರೆಯತೊಡಗಿದೆ. ಆಗ ತಿಳಿದದ್ದು ಇದು: ಒಂದೇ ಒಂದು ರ‍್ಯಾಲಿಯನ್ನು ನೋಡಿದವನು ಕಾರುಗಳನ್ನು ಮಾತ್ರ ಕಾಣುತ್ತಾನೆ, ವರ್ಷವಿಡೀ ಹಿಂಬಾಲಿಸಿದವನು ಮನುಷ್ಯರನ್ನು ಕಾಣುತ್ತಾನೆ. ಒಂದು ನಿಯಮವನ್ನು ನೋಡಿ. ಪ್ರತಿ ರ‍್ಯಾಲಿಯ ಮೊದಲ ಹಗಲು, ಅಂಕಪಟ್ಟಿಯಲ್ಲಿ ಮುಂದಿರುವವರೇ ಮೊದಲು ಹೊರಡಬೇಕು. ಕೇಳಲು ಇದು ಮರ್ಯಾದೆಯಂತಿದೆ. ಆದರೆ ಮಣ್ಣುದಾರಿಯಲ್ಲಿ ಮೇಲೆ ಹರಡಿದ ಸಡಿಲ ಜಲ್ಲಿಯನ್ನೆಲ್ಲ ಗುಡಿಸುವ ಕೆಲಸ ಮೊದಲಿಗರ ಪಾಲಿಗೆ. ಅವರು ಚೊಕ್ಕಟ ಮಾಡಿದ ದಾರಿಯಲ್ಲಿ ಹಿಂದಿನವರು ಹಿಡಿತ ಪಡೆದು ವೇಗವಾಗಿ ಸಾಗುತ್ತಾರೆ. ಇನ್ನೊಂದು ನಿಯಮ ಮೇಷ್ಟರಿಗೆ ಮೆಚ್ಚುವಂಥದು. ಒಂದು ಸ್ಪರ್ಧೆಯ ಹಾದಿಯಿಂದ ಮತ್ತೊಂದಕ್ಕೆ ಹೋಗುವಾಗ ಎಲ್ಲರಂತೆ ಸಂಚಾರದ ನಿಯಮ ಪಾಲಿಸಿ, ಗೊತ್ತಾದ ನಿಮಿಷಕ್ಕೆ ಸರಿಯಾಗಿ ಠಾಣೆ ಸೇರಬೇಕು. ತಡವಾದರೆ ನಿಮಿಷಕ್ಕೆ 10 ಸೆಕೆಂಡು ದಂಡ. ಮುಂಚೆ ಬಂದರೆ ನಿಮಿಷಕ್ಕೆ ಪೂರಾ 60 ಸೆಕೆಂಡು!

ಹುಡುಗ ಫ್ರಾನ್ಸಿನ ಸೆಬಾಸ್ಟಿಯನ್ ಓಜಿಯೆ ಅವರ ಪಕ್ಷ. ಅವರು ಆಗಲೇ ಆರು ಸಲ ಚಾಂಪಿಯನ್ ಆಗಿದ್ದವರು. ನಾನು ಹಿಡಿದದ್ದು ವೇಲ್ಸಿನ ಎಲ್ಫಿನ್ ಎವನ್ಸ್ ಅವರನ್ನು. ಅವರ ತಂದೆಯೂ ರ‍್ಯಾಲಿ ಚಾಲಕರು. ಇಬ್ಬರೂ ಟೊಯೊಟಾ ತಂಡದವರೇ. ಆ ವರ್ಷ ರೋಗದ ಹಾವಳಿಯಿಂದ ಏಳು ಸುತ್ತುಗಳಷ್ಟೇ ನಡೆದವು. ಎವನ್ಸ್ ಸ್ವೀಡನ್ನಿನಲ್ಲೂ ಟರ್ಕಿಯಲ್ಲೂ ಗೆದ್ದರು. ಡಿಸೆಂಬರಿನಲ್ಲಿ ಇಟಲಿಯ ಮೋಂಜಾದಲ್ಲಿ ಕಡೆಯ ಸುತ್ತು ತೊಡಗಿದಾಗ ನನ್ನ ಪುಸ್ತಕದಲ್ಲಿ ಎವನ್ಸ್ 111, ಓಜಿಯೆ 97. ಹದಿನಾಲ್ಕು ಅಂಕಗಳ ಮುನ್ನಡೆ! ಎಚ್ಚರದಿಂದ ಓಡಿಸಿ ಮುಗಿಸಿದರೆ ಸಾಕಿತ್ತು.

ಶನಿವಾರ ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಒಂದು ತಿರುವಿನಲ್ಲಿ ರಸ್ತೆಯ ಹಿಡಿತ ಹಠಾತ್ತಾಗಿ ಮಾಯವಾಯಿತು; ಎವನ್ಸರ ಕಾರು ಜಾರಿ ರಸ್ತೆಯ ಹೊರಗೆ ಹೋಯಿತು. ಅವರಿಗಾಗಲಿ ಜೊತೆಚಾಲಕ ಸ್ಕಾಟ್ ಮಾರ್ಟಿನ್ ಅವರಿಗಾಗಲಿ ಪೆಟ್ಟಾಗಲಿಲ್ಲ; ವರ್ಷದ ಕನಸು ಮಾತ್ರ ಹಿಮದಲ್ಲಿ ಹೂತಿತು. ಹಿಂದಿನಿಂದ ಅದೇ ತಿರುವಿಗೆ ಬರುತ್ತಿದ್ದವರು ಬೇರೆ ಯಾರೂ ಅಲ್ಲ, ಓಜಿಯೆ. ಅವರೂ ಅಲ್ಲಿಯೇ ಜಾರಿದ್ದರೆ ಎವನ್ಸರ ಆಸೆ ಉಳಿಯುತ್ತಿತ್ತು. ಆದರೆ ನಿಧಾನಿಸು ಎಂದು ಎವನ್ಸ್ ರಸ್ತೆಯ ಮಗ್ಗುಲಿನಿಂದ ಅವರಿಗೆ ಕೈ ಬೀಸಿದರು. ಓಜಿಯೆ ನಿಧಾನಿಸಿ ದಾಟಿದರು. ರ‍್ಯಾಲಿಯನ್ನೂ ಚಾಂಪಿಯನ್ ಪದವಿಯನ್ನೂ ಗೆದ್ದರು. ಆ ಎಚ್ಚರಿಕೆಯ ಉಪಕಾರವನ್ನು ಅವರು ಬಾಯಿಬಿಟ್ಟು ಹೇಳಿದರೆಂಬುದೂ ನೆನಪಿಡತಕ್ಕ ಮಾತು. ಕೊನೆಯ ಲೆಕ್ಕ 122 ಮತ್ತು 114. ಗೆದ್ದ ಪಕ್ಷದ ನಮ್ಮ ಹುಡುಗ ಆ ರಾತ್ರಿ ಚಪ್ಪಾಳೆ ತಟ್ಟಲಿಲ್ಲ.

ಓಟದ ಅಪಾಯವನ್ನು ಮರೆಸಿ ನಿಮಗೆ ಇದರ ರುಚಿ ಹತ್ತಿಸುವುದು ಸರಿಯಲ್ಲ. 1986ರಲ್ಲಿ ಪೋರ್ಚುಗಲ್ಲಿನಲ್ಲಿ ರಸ್ತೆಯ ಅಂಚಿಗೇ ಮುತ್ತಿಕೊಂಡಿದ್ದ ಜನರ ಮೇಲೆ ಕಾರು ನುಗ್ಗಿ ಮೂವರು ಪ್ರೇಕ್ಷಕರು ಸತ್ತರು. ಅದೇ ವರ್ಷ ಕಾರ್ಸಿಕಾದಲ್ಲಿ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಚಾಲಕ ಸೆರ್ಜಿಯೊ ಕ್ರೆಸ್ಟೊ ಪ್ರಾಣ ಕಳೆದುಕೊಂಡರು. ಗ್ರೂಪ್ ಬಿ ಎಂಬ ಅತಿಬಲದ ಕಾರುಗಳನ್ನು 1987ರಿಂದ ನಿಲ್ಲಿಸಲಾಯಿತು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲೂ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆದಿವೆ. ಅಂಥ ಕಡೆ ನೋಡಲು ಹೋದರೆ ಕಾವಲಿನವರು ತೋರಿಸಿದಲ್ಲೇ ನಿಲ್ಲಿ. ತಿರುವಿನ ಹೊರಮಗ್ಗುಲು ಎಂದಿಗೂ ಬೇಡ. ದೂರದಿಂದ ನೋಡಿದ ಅಭಿಮಾನವೇನೂ ಕಡಿಮೆಯ ಅಭಿಮಾನವಲ್ಲ.

ಎವನ್ಸ್ ಮುಂದೆ ಗೆದ್ದರೆ ಎಂದು ನೀವು ಕೇಳಬಹುದು. 2021, 2023, 2024, ಮೂರು ವರ್ಷಗಳಲ್ಲೂ ಎರಡನೆಯವರು. 2025ರಲ್ಲಿ ಸೌದಿ ಅರೇಬಿಯದ ಕಡೆಯ ಸುತ್ತಿಗೆ ಹೋಗುವಾಗ ಮೂರು ಅಂಕ ಮುಂದಿದ್ದರು. ಮಣ್ಣುದಾರಿಯಲ್ಲಿ ಜಲ್ಲಿ ಗುಡಿಸುವ ಪಾಲು ಅವರದಾಯಿತು. ಮುಗಿದಾಗ ನಾಲ್ಕು ಅಂಕ ಹಿಂದೆ. ಗೆದ್ದವರು ಮತ್ತೆ ಓಜಿಯೆ. ಅದು ಅವರ ಒಂಬತ್ತನೆಯ ಪದವಿ, ಸೆಬಾಸ್ಟಿಯನ್ ಲೋಬ್ ಅವರ ದಾಖಲೆಗೆ ಸರಿಸಮ.

ಮೂವತ್ತು ವರ್ಷ ನಾನು ಮಕ್ಕಳ ಅಂಕಪಟ್ಟಿ ಬರೆದವನು. ಮೊದಲನೆಯವರ ಹೆಸರನ್ನು ಸಭೆಯಲ್ಲಿ ಕೂಗಿ ಹೇಳಿದ್ದೇನೆ. ಒಂದೆರಡು ಅಂಕಗಳಿಂದ ಹಿಂದುಳಿದವರು ಹಿಂದಿನ ಬೆಂಚಿನಲ್ಲಿ ಹೇಗೆ ಕೂತಿದ್ದರೆಂದು ತಿರುಗಿ ನೋಡಿದವನಲ್ಲ. ಈಗ ನೋಡುತ್ತೇನೆ. ಇಷ್ಟು ಕಲಿಸಿದ್ದು ಈ ಹುಚ್ಚು ಓಟ.

ಆ ನೋಟ್ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ಮೋಂಜಾದ ಪುಟದಲ್ಲಿ ಅಂಕಗಳ ಕೆಳಗೆ ಕೆಂಪು ಮಸಿಯಲ್ಲಿ ಎರಡೇ ಮಾತು ಬರೆದಿದ್ದೇನೆ: “ಕೈ ಬೀಸಿದರು.” ಅದಕ್ಕೆ ಅಂಕ ಕೊಡುವ ನಿಯಮವಿಲ್ಲ. ಆದರೂ ವರ್ಷವಿಡೀ ಹಿಂಬಾಲಿಸಿದ್ದರಿಂದ ನನಗೆ ದಕ್ಕಿದ್ದು ಅದೇ.