‘ಒಲ್ಲೆ’ ಅನ್ನುವ ಮನಸ್ಸು

ಸ್ವೆಟರ್ ಹಾಕಿಕೋ ಎಂದರೆ ಮಗು ಒಲ್ಲೆ ಅನ್ನುತ್ತದೆ. ಉಪ್ಪು ಕಡಿಮೆ ಮಾಡಿ ಎಂದರೆ ಅಜ್ಜ ಉಪ್ಪಿನಕಾಯಿ ಭರಣಿಗೇ ಕೈ ಹಾಕುತ್ತಾರೆ. ಇಬ್ಬರನ್ನೂ ಹಟಮಾರಿಗಳು ಎಂದುಬಿಡುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾಕ್ ಬ್ರೆಮ್ 1966ರಲ್ಲಿ ಇದನ್ನು ವಿವರಿಸಿದರು. ಆಯ್ಕೆ ಕೈತಪ್ಪುತ್ತಿದೆ ಅನ್ನಿಸಿದಾಗ ಮನಸ್ಸು ಅದನ್ನು ಮರಳಿ ಪಡೆಯಲು ಹವಣಿಸುತ್ತದೆ. ಬೇಡ ಎಂದದ್ದೇ ಆಗ ಹೆಚ್ಚು ಬೇಕೆನಿಸುತ್ತದೆ. ಅಜ್ಜ ಕಾಯುತ್ತಿರುವುದು ತಮ್ಮ ತಟ್ಟೆಯ ಮೇಲಿನ ಅಧಿಕಾರವನ್ನು.

ಸಮುದಾಯಗಳೂ ಹೀಗೆಯೇ. ಒಬ್ಬರ ಭಾಷೆಯನ್ನೋ ಹಬ್ಬವನ್ನೋ ಬಲವಂತವಾಗಿ ಬಿಡಿಸಹೊರಟರೆ, ಅವರು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳಬಹುದು.

ಹಾಗೆಂದು ಹೇಳಬೇಕಾದ್ದನ್ನು ಹೇಳದೆ ಇರಲಾಗದು. ಕಾರಣ ತಿಳಿಸೋಣ. ಜೊತೆಗೆ ‘ಆಮೇಲೆ ನಿಮ್ಮಿಷ್ಟ’ ಎಂದೂ ಸೇರಿಸೋಣ. ಸಾಮಾನ್ಯವಾಗಿ ಈ ಮಾತನ್ನು ನಾವು ಸಿಟ್ಟಿನಲ್ಲಿ ಆಡುತ್ತೇವೆ. ಇವತ್ತೊಂದು ದಿನ ಮನಸಾರೆ ಹೇಳಿ ನೋಡೋಣವೇ?